ತೆಂಗಿನ ನೀರಿನಲ್ಲಿ ಬೆಳೆದ ವೇಸ್ಟ್‌ಕೋಟು: ಜನವರಿಯಿಂದ ಜುಲೈವರೆಗಿನ ಕೆಲಸದ ಟಿಪ್ಪಣಿ

ತೆಂಗಿನ ನೀರಿನ ಮೇಲೆ ಬ್ಯಾಕ್ಟೀರಿಯಾ ಕಟ್ಟಿದ ಪದರವನ್ನು ಒಣಗಿಸಿ, ಅದನ್ನೇ ಬಟ್ಟೆ ಮಾಡಿಕೊಂಡು ಒಂದು ವೇಸ್ಟ್‌ಕೋಟು ಹೊಲಿದು ಮುಗಿಸಿದ್ದು ಮೇ ಕೊನೆಯಲ್ಲಿ. ಜೂನ್ 9ರ ತುಂತುರು ಮಳೆಗೆ ಅದರ ಭುಜ ಊದಿಕೊಂಡಿತು. ಆ ಭುಜವನ್ನು ಈಗ ಬಿಚ್ಚಿ ಇಟ್ಟುಕೊಂಡಿದ್ದೇನೆ. ಮುಂದಿನದನ್ನು ಶುರು ಮಾಡುವ ಮೊದಲು ಇದುವರೆಗೆ ಮಾಡಿದ್ದನ್ನೆಲ್ಲ ತಾರೀಖು ಸಮೇತ ಬರೆದಿಡುತ್ತಿದ್ದೇನೆ. ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕಿದರೆ ನಾನು ಕಳೆದುಕೊಂಡ ಎರಡು ತಿಂಗಳು ಅವರಿಗೆ ಉಳಿಯಲಿ.

ನಮ್ಮದು ತಿಪಟೂರಿನ ಹತ್ತಿರ. ಇಪ್ಪತ್ತೆರಡು ವರ್ಷದಿಂದ ಬ್ಲೌಸ್, ಚೂಡಿದಾರ್ ಹೊಲಿಯುತ್ತಿದ್ದೇನೆ. ಮಗಳು ಬಿ.ಎಸ್ಸಿ.ಯಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದಾಳೆ. ಲಂಡನ್ನಿನ ಡಿಸೈನರ್ ಸುಝಾನ್ ಲೀ 2011ರಲ್ಲಿ ಕೊಟ್ಟ ಒಂದು ಭಾಷಣದ ವಿಡಿಯೋವನ್ನು ಅವಳೇ ನನಗೆ ತೋರಿಸಿದ್ದು. ಸಕ್ಕರೆ ಹಾಕಿದ ಗ್ರೀನ್ ಟೀಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಮೇಲೆ ಕಟ್ಟಿದ ದಪ್ಪ ಪದರವನ್ನು ತೊಳೆದು ಒಣಗಿಸಿ ಜಾಕೆಟ್ ಮಾಡಿದ್ದರು. ನೂಲಿಲ್ಲ, ಮಗ್ಗವಿಲ್ಲ, ಬಟ್ಟೆ ಮಾತ್ರ ಇದೆ. ನೋಡಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜನವರಿ 12

ಮಗಳು ಹಾಸ್ಟೆಲ್‌ನ ಗೆಳತಿಯಿಂದ ಕೊಂಬುಚಾ ಹೆಪ್ಪು ತಂದಳು. ಕೊಂಬುಚಾ ಎಂದರೆ ಸಕ್ಕರೆ ಹಾಕಿದ ಟೀಯನ್ನು ಹುಳಿ ಬರಿಸಿ ಮಾಡುವ ಪಾನೀಯ. ಜಾಮ್ ಬಾಟಲಿಯಲ್ಲಿ ನಾಲ್ಕಿಂಚು ಅಗಲದ ಬಿಳಿ ಬಿಲ್ಲೆ, ಅದರ ಜೊತೆ ಮುನ್ನೂರು ಎಂ.ಎಲ್. ಹುಳಿ ನೀರು. ಬಿಲ್ಲೆಗಿಂತ ಆ ನೀರು ಮುಖ್ಯ ಎಂದು ಆಮೇಲೆ ತಿಳಿಯಿತು. ಬ್ಯಾಕ್ಟೀರಿಯಾ ಅದರಲ್ಲೂ ಇರುತ್ತದೆ, ಬೂಸ್ಟು ಬರದಂತೆ ತಡೆಯುವ ಹುಳಿಯೂ ಇರುತ್ತದೆ. ಅತ್ತೆ ಬಗ್ಗಿ ನೋಡಿ, "ಏನೇ ಇದು, ಗಂಜಿ ಮೇಲೆ ಕೆನೆ ಕಟ್ಟಿದಂಗೈತೆ" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕೆನೆಯ ಹಾಗೆ ಇದೂ ಗಾಳಿ ತಾಗುವ ಮೇಲ್ಭಾಗದಲ್ಲಿ ಮಾತ್ರ ಕಟ್ಟುತ್ತದೆ. ಪಾತ್ರೆ ಎಷ್ಟು ಅಗಲವೋ ಬಟ್ಟೆ ಅಷ್ಟು ಅಗಲ.

ಜನವರಿ 14ರಿಂದ ಫೆಬ್ರವರಿ 14: ಎರಡು ಸೋಲು

ಮೊದಲ ಸಲ ಸ್ಟೀಲ್ ಬೇಸನ್ನಿನಲ್ಲಿ ಎರಡು ಲೀಟರ್ ಟೀ ಡಿಕಾಕ್ಷನ್, 200 ಗ್ರಾಂ ಸಕ್ಕರೆ. ಚೆನ್ನಾಗಿ ಆರಿದ ಮೇಲೆ ಹೆಪ್ಪು ಹಾಕಿದೆ. ಗಾಳಿ ಆಡಬೇಕಲ್ಲ ಎಂದು ಅಂಗಡಿಯಲ್ಲಿದ್ದ ನೆಟ್ ಬಟ್ಟೆ ಮುಚ್ಚಿದೆ. ಅದೇ ತಪ್ಪು. ಹುಳಿ ವಾಸನೆಗೆ ಗುಂಗುರು ಮುತ್ತಿ ನೆಟ್‌ನ ತೂತಿನಲ್ಲೇ ಒಳಗೆ ಹೋಗಿವೆ. ಒಂಬತ್ತನೇ ದಿನ ತೆಗೆದರೆ ಪದರದ ತುಂಬ ಹುಳ. ಪೂರ್ತಿ ಚೆಲ್ಲಿದೆ. ಒಂದು ಲೋಟ ಹುಳಿ ನೀರನ್ನು ಮೊದಲೇ ಬೇರೆ ಬಾಟಲಿಯಲ್ಲಿ ಇಟ್ಟಿದ್ದರಿಂದ ಹೆಪ್ಪು ಉಳಿಯಿತು. ಇದನ್ನು ಮಾತ್ರ ಯಾರೂ ಮರೆಯಬೇಡಿ: ಪ್ರತಿ ಸಲವೂ ಸ್ವಲ್ಪ ಹೆಪ್ಪು ಬೇರೆ ಕಡೆ ಎತ್ತಿಡಿ.

ಎರಡನೇ ಸಲ ಜನವರಿ 25ಕ್ಕೆ. ಈ ಸಲ ಒತ್ತು ನೇಯ್ಗೆಯ ಲೈನಿಂಗ್ ಬಟ್ಟೆ ಮುಚ್ಚಿ ಸುತ್ತ ಎಲಾಸ್ಟಿಕ್ ಬಿಗಿದೆ. ಗುಂಗುರು ಬರಲಿಲ್ಲ, ಆದರೆ ಚಳಿ ಬಿಡಲಿಲ್ಲ. ಬೆಳಿಗ್ಗೆ ಕೋಣೆಯಲ್ಲಿ 18 ಡಿಗ್ರಿ ಇರುತ್ತಿತ್ತು. ಇಪ್ಪತ್ತು ದಿನಕ್ಕೆ ಮೂರು ಮಿಲಿಮೀಟರ್ ಕಟ್ಟಿತು, ಅಷ್ಟೇ. ಜೊತೆಗೆ ಬಂದವರಿಗೆಲ್ಲ ತೋರಿಸಲು ಬೇಸನ್ ಎಳೆದು ಎಳೆದು ಇಟ್ಟೆ. ಅಲ್ಲಾಡಿದಾಗ ಹಳೆಯ ಪದರ ಕೆಳಗೆ ಜಾರಿ, ಮೇಲೆ ಹೊಸದು ಬೇರೆಯಾಗಿ ಶುರುವಾಗುತ್ತದೆ. ಒಣಗಿಸಿದಾಗ ಎರಡೂ ಪುಸ್ತಕದ ಹಾಳೆಯ ಹಾಗೆ ಬಿಟ್ಟುಕೊಂಡವು. "ಅಮ್ಮ, ಇದನ್ನ ಅಲ್ಲಾಡಿಸ್ಬೇಡ ಅಂತ ಮೊದಲ್ನೇ ದಿನಾನೇ ಹೇಳಿದ್ದೆ" ಎಂದಳು ಮಗಳು. ಹೇಳಿದ್ದು ನಿಜ.

ಮಾರ್ಚ್ 9: ಟೀ ಬಿಟ್ಟು ತೆಂಗಿನ ನೀರು

ಟೀ ಪುಡಿಯನ್ನೂ ಸಕ್ಕರೆಯನ್ನೂ ಕೊಂಡು ಕೊಂಡು ದೊಡ್ಡ ಹಾಳೆ ಬೆಳೆಸುವುದು ನಮ್ಮಂಥವರಿಗೆ ಆಗದ ಮಾತು. ಫಿಲಿಪ್ಪೀನ್ಸ್‌ನಲ್ಲಿ ಇದೇ ಜಾತಿಯ ಬ್ಯಾಕ್ಟೀರಿಯಾವನ್ನು ತೆಂಗಿನ ನೀರಿನಲ್ಲಿ ಬೆಳೆಸಿ 'ನಾಟಾ ಡಿ ಕೋಕೊ' ಎಂಬ ತಿನಿಸು ಮಾಡುತ್ತಾರೆ. ಕೇರಳದಲ್ಲಿ 'ಮಲೈ' ಎಂಬ ಸಂಸ್ಥೆಯವರು ತೆಂಗಿನ ನೀರಿನಲ್ಲೇ ಬೆಳೆಸಿದ ಈ ನಾರಿಗೆ ಬಾಳೆದಿಂಡಿನ ನಾರು ಮುಂತಾದವನ್ನು ಸೇರಿಸಿ ಬ್ಯಾಗು, ಚಪ್ಪಲಿಗೆ ಆಗುವ ಹಾಳೆ ಮಾಡುತ್ತಾರೆ. ಇದನ್ನು ಕೇಳಿದ ಮೇಲೆ ನಮ್ಮೂರಲ್ಲಿ ಟೀ ಕುದಿಸುತ್ತಾ ಕೂರುವುದು ಸರಿಯೆನಿಸಲಿಲ್ಲ.

ತಿಪಟೂರು ಸೀಮೆ ಎಂದರೆ ತೆಂಗು ನಿಜ, ಆದರೆ ನೀರು ಸಿಗುವುದು ಎಲ್ಲ ಕಡೆಯೂ ಅಲ್ಲ. ನಮ್ಮ ಉಂಡೆ ಕೊಬ್ಬರಿಯಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ, ನೀರು ಒಳಗೇ ಇಂಗಿಹೋಗುತ್ತದೆ. ಕಾಯಿ ಒಡೆದು ನೀರು ಹೊರಗೆ ಬಿಡುವುದು ತೆಂಗಿನ ಪೌಡರ್ ಫ್ಯಾಕ್ಟರಿಗಳಲ್ಲಿ. ಅಂಥ ಒಂದು ಕಡೆ ಕೇಳಿದಾಗ, ಕ್ಯಾನ್ ತಂದು ಎಷ್ಟು ಬೇಕಾದರೂ ತುಂಬಿಕೊಳ್ಳಿ ಎಂದರು.

ಸಂಜೆ 20 ಲೀಟರ್ ತಂದೆ. ಅವತ್ತು ಮದುವೆ ಬ್ಲೌಸ್ ಕೊಡುವುದಿತ್ತು, ಕುದಿಸುವುದನ್ನು ಬೆಳಿಗ್ಗೆಗೆ ಬಿಟ್ಟೆ. ಬೆಳಿಗ್ಗೆ ಕ್ಯಾನಿನ ಮುಚ್ಚಳ ಉಬ್ಬಿ, ಹೆಂಡದ ವಾಸನೆ ಬರುತ್ತಿತ್ತು. ಕುದಿಸಿದರೆ ಸರಿಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಏಳನೇ ದಿನ ಹಸಿರು ಬೂಸ್ಟು ಮೂರು ಕಡೆ. ಬೂಸ್ಟು ಬಂದದ್ದನ್ನು ಕೆರೆದು ಉಳಿಸಿಕೊಳ್ಳುವ ಆಸೆ ಬೇಡ, ಮನೆಯಿಂದ ದೂರ ಚೆಲ್ಲಬೇಕು.

ಮಾರ್ಚ್ 18: ಚೌಕಟ್ಟು, ಅಳತೆ

ಇಷ್ಟಗಲದ ತಟ್ಟೆ ಸಿಗದೆ ಬಡಗಿಯಿಂದ ಆರಿಂಚು ಎತ್ತರದ ಎರಡು ಮರದ ಚೌಕಟ್ಟು ಮಾಡಿಸಿದೆ. ಒಳ ಅಳತೆ 24 ಇಂಚು × 36 ಇಂಚು. ಒಳಗೆ ಆಹಾರ ತುಂಬಲು ಬಳಸುವ ದಪ್ಪ ಪಾಲಿಥೀನ್ ಹಾಳೆ ಹಾಸಿದೆ. ತಗಡು ಬೇಡ, ಈ ಹುಳಿ ಅದನ್ನು ತಿನ್ನುತ್ತದೆ.

ಒಂದು ಚೌಕಟ್ಟಿಗೆ ಈಗಲೂ ಬಳಸುವ ಅಳತೆ:

ಅದೇ ದಿನ ತಂದ, ಅದೇ ದಿನ ಕುದಿಸಿ ಸೋಸಿದ ತೆಂಗಿನ ನೀರು 20 ಲೀಟರ್
ಸಕ್ಕರೆ 1.6 ಕೆ.ಜಿ., ಬಿಸಿಯಲ್ಲೇ ಕರಗಿಸಬೇಕು
ಟೀ ಪುಡಿ 40 ಗ್ರಾಂ, ಕುದಿಸಿ ಸೋಸಿದ್ದು
ಹಿಂದಿನ ಸಲದ ಹುಳಿ ನೀರು 3 ಲೀಟರ್
ಬಿಳಿ ವಿನೆಗರ್, ಪಿಹೆಚ್ ಪಟ್ಟಿ (ಹುಳಿ ಎಷ್ಟಿದೆ ಎಂದು ತೋರಿಸುವ ಕಾಗದ) 4ಕ್ಕೆ ಬರುವವರೆಗೆ

ಮೂರು ಲೀಟರ್ ಹೆಪ್ಪು ಮೊದಲು ನನ್ನ ಹತ್ತಿರ ಇರಲಿಲ್ಲ. ಫೆಬ್ರವರಿಯಿಂದ ಬಕೆಟ್ಟಿನಲ್ಲಿ ಟೀ ಹಾಕಿ ಹಾಕಿ ಹೆಚ್ಚಿಸಿಕೊಂಡಿದ್ದೆ. ಹೆಪ್ಪು ಹಾಕುವಾಗ ನೀರು ಬೆರಳಿಗೆ ತಣ್ಣಗೆ ಇರಬೇಕು, ಉಗುರುಬೆಚ್ಚಗಿದ್ದರೂ ಕಾಯುವುದೇ ಒಳ್ಳೆಯದು.

ಚೌಕಟ್ಟನ್ನು ಹಿಂದಿನ ಕೋಣೆಯಲ್ಲಿ ಇಟ್ಟೆ. ಅಲ್ಲಿಯ ನೆಲ ನೀರು ಹರಿಯಲೆಂದು ಇಳಿಜಾರು ಮಾಡಿದ್ದು. ನಾನು ಗಮನಿಸಲಿಲ್ಲ. ಒಂದು ಬದಿ ಐದು ಸೆಂಟಿಮೀಟರ್ ನೀರು, ಇನ್ನೊಂದು ಬದಿ ಮೂರೂ ಇಲ್ಲ. ಮೂರನೇ ವಾರಕ್ಕೆ ಆ ಬದಿಯಲ್ಲಿ ನೀರು ಇಂಗಿ ಪದರ ತಳಕ್ಕೆ ಕೂತಿತು. ಇನ್ನೊಂದು ತೊಂದರೆ ಗೋಡೆಯ ಆಚೆಗಿದ್ದ ನನ್ನ ಪವರ್ ಮೆಷಿನ್. ಅದು ಓಡಿದಾಗೆಲ್ಲ ತಟ್ಟೆಯ ನೀರು ಸಣ್ಣಗೆ ನಡುಗುತ್ತಿತ್ತು. ಏಪ್ರಿಲ್ 8ಕ್ಕೆ ತೆಗೆದ ಹಾಳೆ ಒಂದು ಕಡೆ 8 ಮಿ.ಮೀ., ಇನ್ನೊಂದು ಕಡೆ 4 ಮಿ.ಮೀ., ನಡುವೆ ಸಿಪ್ಪೆ ಬಿಟ್ಟ ಹಾಗೆ ಪದರ. ಬಟ್ಟೆಗೆ ಬರುವಂತಿರಲಿಲ್ಲ. ಅದನ್ನು ಹನ್ನೆರಡು ತುಂಡು ಮಾಡಿ ಮುಂದಿನ ಪ್ರಯೋಗಗಳಿಗೆಲ್ಲ ಬಳಸಿದೆ. ಹಾಗಾಗಿ ಅದು ನಷ್ಟವಾಗಲಿಲ್ಲ.

ಏಪ್ರಿಲ್ 10ರಿಂದ ಮೇ 3

ಎರಡು ಚೌಕಟ್ಟೂ ಒಟ್ಟಿಗೆ. ಅಟ್ಟ ಬೆಚ್ಚಗಿರುತ್ತದೆ, ಯಾರೂ ಓಡಾಡುವುದಿಲ್ಲ ಎಂದು ಮೊದಲು ಅಲ್ಲಿ ಇಡಲು ಹೊರಟೆ. ಮಧ್ಯಾಹ್ನ ಮೂರಕ್ಕೆ ಥರ್ಮಾಮೀಟರ್ ಇಟ್ಟು ನೋಡಿದರೆ 38 ಡಿಗ್ರಿ. ಇದಕ್ಕೆ ಬೇಕಾದ್ದು 25ರಿಂದ 30. ಕೊನೆಗೆ ದೇವರ ಮನೆಯ ಪಕ್ಕದ ಕತ್ತಲೆ ಕೋಣೆಯನ್ನು ಅತ್ತೆ ಬಿಟ್ಟುಕೊಟ್ಟರು. ಗಾರೆ ಕೆಲಸದವರಿಂದ ರಸಮಟ್ಟ ತಂದು, ಕೆಳಗೆ ರಟ್ಟಿನ ಚೂರು ಕೊಟ್ಟು ಮಟ್ಟ ಮಾಡಿದೆ. ಮೇಲೆ ಹಳೆಯ ಪಂಚೆ ಬಿಗಿದು ಬಾಗಿಲು ಹಾಕಿದೆ. ಇಪ್ಪತ್ಮೂರು ದಿನ ಯಾರೂ ಮುಟ್ಟಲಿಲ್ಲ.

ಮೇ 3ಕ್ಕೆ ಪಂಚೆ ಸರಿಸಿದಾಗ ಇಡೀ ಚೌಕಟ್ಟಿನ ತುಂಬ ಒಂದೇ ಸಮನೆ ಕೂತಿದ್ದ ಆ ಹಾಳೆಯನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಟ್ಟೆ. ದಪ್ಪ 12 ಮಿ.ಮೀ. ತೂಕ 6.4 ಕೆ.ಜಿ. ಒಬ್ಬರೇ ಎತ್ತಲು ಹೋದರೆ ತನ್ನ ಭಾರಕ್ಕೇ ಹರಿಯುತ್ತದೆ. ಮಗಳೂ ನಾನೂ ಕೆಳಗೆ ಬೆಡ್‌ಶೀಟ್ ತೂರಿಸಿ ನಾಲ್ಕು ಮೂಲೆ ಹಿಡಿದು ಎತ್ತಿದೆವು. ಎರಡನೆಯದು 11 ಮಿ.ಮೀ.

ತೊಳೆಯುವುದು

ಮೊದಲು ಸೋಪಿನ ನೀರು, ಆಮೇಲೆ ಹತ್ತು ಲೀಟರಿಗೆ 50 ಗ್ರಾಂ ವಾಷಿಂಗ್ ಸೋಡಾ ಹಾಕಿ ಸ್ಟೀಲ್ ಕೊಳಗದಲ್ಲಿ ಒಂದು ಗಂಟೆ ಬಿಸಿ. ಸೋಡಾ ನೀರು ಟೀ ಬಣ್ಣಕ್ಕೆ ತಿರುಗುತ್ತದೆ, ಚೆಲ್ಲಿ ಮತ್ತೆ ಹೊಸದು. ನಾನು ಮೂರು ಸಲ ಮಾಡಿದೆ. ಕೈಗೆ ರಬ್ಬರ್ ಗ್ಲೌಸ್ ಬೇಕೇ ಬೇಕು. ಪ್ರಯೋಗದ ತುಂಡನ್ನು ಅಲ್ಯೂಮಿನಿಯಂ ಡಬರಿಯಲ್ಲಿ ಕಾಯಿಸಿದ್ದೆ. ಡಬರಿ ಕಪ್ಪಾಯಿತು, ತುಂಡಿನ ಮೇಲೆ ಬೂದು ಕಲೆ ಬಿತ್ತು. ಕೊನೆಗೆ ಒಳ್ಳೆ ನೀರಿನಲ್ಲಿ ನಾಲ್ಕು ಸಲ ಜಾಲಿಸಿ, ಕಡೆಯ ನೀರಿಗೆ ಎರಡು ಚಮಚ ವಿನೆಗರ್. ತೊಳೆಯುವುದರಲ್ಲಿ ಅವಸರ ಮಾಡಿದ ತುಂಡುಗಳಿಂದ ಈಗಲೂ ಹುಳಿ ವಾಸನೆ ಹೋಗಿಲ್ಲ.

ಬಣ್ಣ

ಸಾಗರದ ಕಡೆಯ ನೆಂಟರು ಅಡಿಕೆ ಚೊಗರು ಕಳಿಸಿದ್ದರು. ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ನೀರು ಅದು. ಹೆಗ್ಗೋಡಿನ 'ಚರಕ' ಎಂಬ ಸಂಘದವರು ಕೈಮಗ್ಗದ ಬಟ್ಟೆಗೆ ಈ ಬಣ್ಣ ಹಾಕುತ್ತಾರೆ. ಹತ್ತಿ ಬಟ್ಟೆಗೆ ಬಣ್ಣ ಹಿಡಿಸಲು ಪಡುವ ಪಾಡು ಇದರಲ್ಲಿ ಇಲ್ಲ. ಒದ್ದೆ ಹಾಳೆ ಒಂದೇ ರಾತ್ರಿಯಲ್ಲಿ ಚೊಗರನ್ನು ಒಳಗಿನವರೆಗೂ ಕುಡಿದು ಇಟ್ಟಿಗೆ ಬಣ್ಣಕ್ಕೆ ಬಂತು.

ಮುಂಭಾಗದ ಹಾಳೆ ಕಪ್ಪಾಗಬೇಕು ಎಂದು ಆಸೆ. ಬೆಲ್ಲದ ನೀರಿನಲ್ಲಿ ತುಕ್ಕು ಮೊಳೆ ಹಾಕಿ ಹದಿನೈದು ದಿನ ಇಟ್ಟಿದ್ದೆ. ಚೊಗರಿನ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು ಬರುತ್ತದೆ. ಹತ್ತು ನಿಮಿಷ ಅದ್ದಿ ತೆಗೆದು ಚೆನ್ನಾಗಿ ಜಾಲಿಸಿದೆ. ಒಳ್ಳೆ ಕಪ್ಪು. ಪ್ರಯೋಗಕ್ಕೆಂದು ಒಂದು ತುಂಡನ್ನು ರಾತ್ರಿಯಿಡೀ ಬಿಟ್ಟಿದ್ದೆ, ಅದು ಇನ್ನೂ ಕಪ್ಪಾಗಿ ಬಂದಿತ್ತು. ಒಂದು ತಿಂಗಳ ನಂತರ ಮಡಿಸಿದರೆ ಒಣ ಎಲೆಯ ಹಾಗೆ ಮುರಿಯಿತು. ಕಬ್ಬಿಣ ಹೆಚ್ಚು ಉಳಿದರೆ ನಾರನ್ನೇ ತಿಂದುಹಾಕುತ್ತದೆ. ಬಣ್ಣದ ಆಸೆಗೆ ಹೆಚ್ಚು ಹೊತ್ತು ಬಿಡಬೇಡಿ.

ಗ್ಲಿಸರಿನ್: ನನ್ನ ದೊಡ್ಡ ತಪ್ಪು

ಹಾಗೇ ಒಣಗಿಸಿದರೆ ಹಾಳೆ ಕಾಗದದ ಹಾಗೆ ಗರಗರ. ಮೆತ್ತಗಿರಲು ಒಣಗಿಸುವ ಮೊದಲು ಗ್ಲಿಸರಿನ್ ನೀರಿನಲ್ಲಿ ಒಂದು ದಿನ ನೆನೆಸಬೇಕು. ಏಪ್ರಿಲ್‌ನಲ್ಲಿ ಎರಡು ತುಂಡು ಪರೀಕ್ಷೆ ಮಾಡಿದ್ದೆ: ಲೀಟರಿಗೆ 50 ಎಂ.ಎಲ್. ಒಂದಕ್ಕೆ, 100 ಎಂ.ಎಲ್. ಇನ್ನೊಂದಕ್ಕೆ. ನೂರು ಹಾಕಿದ್ದು ಮೃದುವಾದ ಚರ್ಮದಷ್ಟು ಚೆನ್ನಾಗಿ ಬಂತು. ಅದನ್ನೇ ನೆಚ್ಚಿ ಬೆನ್ನಿನ ಭಾಗಕ್ಕೆ 100, ಗಟ್ಟಿ ನಿಲ್ಲಬೇಕಾದ ಮುಂಭಾಗಕ್ಕೆ 50 ಹಾಕಿದೆ.

ಏಪ್ರಿಲ್‌ನ ಒಣ ಗಾಳಿಯಲ್ಲಿ ಮಾಡಿದ ಪರೀಕ್ಷೆ ಅದು. ಗ್ಲಿಸರಿನ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಜೂನ್ ಬಂದಾಗ ಬೆನ್ನಿನ ಭಾಗ ಜಿಗುಟಾಗಿ, ಒಳಗಿನ ಕುರ್ತಾಗೆ ಅಂಟತೊಡಗಿತು. ಮುಂಭಾಗಕ್ಕೆ ಏನೂ ಆಗಲಿಲ್ಲ. ಬೇಸಿಗೆಯಲ್ಲಿ ಮಾಡಿದ ಯಾವ ತುಂಡನ್ನೂ ಮಳೆಗಾಲ ಕಳೆಯದೆ ನಂಬುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಮೇ 6ರಿಂದ 13: ಒಣಗಿಸುವುದು

ಬೆಳೆಸುವುದಕ್ಕಿಂತ ಇದು ಕಷ್ಟ. ಪ್ರಯೋಗದ ತುಂಡುಗಳಲ್ಲಿ ಮೂರು ಹಾಳಾದದ್ದು ಇಲ್ಲೇ. ಒಂದನ್ನು ತಾರಸಿಯ ಬಿಸಿಲಿಗೆ ಹಾಕಿದೆ. ಅಂಚು ಮೊದಲು ಒಣಗಿ ಹಪ್ಪಳದ ಹಾಗೆ ಸುರುಳಿಯಾಯಿತು, ನಡುವೆ ಇನ್ನೂ ಹಸಿ, ಸಂಜೆಗೆ ಸೀಳಿತು. ಇನ್ನೊಂದನ್ನು ನೆರಳಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಸಿದೆ. ಮೇಲ್ಭಾಗ ಒಣಗಿತು, ಅಡಿಗೆ ಗಾಳಿಯಿಲ್ಲದೆ ಬೂಸ್ಟು. ಮೂರನೆಯದನ್ನು ಹಗ್ಗಕ್ಕೆ ಹಾಕಿದೆ, ಹಗ್ಗದ ಗುರುತು ನಡುವೆ ಕೂತುಬಿಟ್ಟಿತು.

ದಾರಿ ತೋರಿಸಿದವರು ಅತ್ತೆ. "ಸಂಡಿಗೆ ಒಣಗಿಸೋ ಹಂಗೆ ಬಟ್ಟೆ ಮೇಲೆ ಹಾಕು, ಅರೆ ಒಣಗಿದಾಗ ಮಗುಚಿ ಹಾಕು. ಬಿಟ್ಕೊಳ್ಳದಿದ್ರೆ ಹಿಂದ್ಗಡೆ ನೀರು ಚಿಮುಕಿಸು" ಅಂದರು. ಹಲಸಿನ ಹಲಗೆಗಳನ್ನು ಜೋಡಿಸಿ, ಮೇಲೆ ತೆಳು ಪಂಚೆ ಹಾಸಿ, ಅದರ ಮೇಲೆ ಹಾಳೆ ಹರಡಿದೆ. ಲಟ್ಟಣಿಗೆಯಿಂದ ನಡುವಿನಿಂದ ಅಂಚಿಗೆ ಒತ್ತಿ ಗಾಳಿಗುಳ್ಳೆ ತೆಗೆದೆ. ಮೊದಲ ದಿನವೇ ಬಕೆಟ್ ನೀರು ಇಳಿಯಿತು. ಕೆಳಗಿನ ಪಂಚೆಯನ್ನು ದಿನಕ್ಕೆರಡು ಸಲ ಬದಲಿಸಿದೆ, ಮೂರನೇ ದಿನ ಮಗುಚಿದೆ. ನೆರಳು, ಫ್ಯಾನ್ ಒಂದರಲ್ಲಿ. ಅಂಚು ಬೇಗ ಒಣಗದಂತೆ ಮೊದಲೆರಡು ದಿನ ಸುತ್ತ ಒದ್ದೆ ಬಟ್ಟೆ ಇಟ್ಟೆ.

ಎಂಟನೇ ದಿನ ಹಾಳೆ ಕೈಗೆ ಬಂತು. 36 ಇಂಚು ಇದ್ದದ್ದು 34½, 24 ಇದ್ದದ್ದು 23. 12 ಮಿ.ಮೀ. ದಪ್ಪ ಇದ್ದದ್ದು ಮಗಳ ಸ್ಕ್ರೂಗೇಜಿನಲ್ಲಿ 0.4 ಮಿ.ಮೀ. ತೂಕ 210 ಗ್ರಾಂ. ಪಂಚೆಯ ನೇಯ್ಗೆ ಒಂದು ಮುಖದ ಮೇಲೆ ಹಾಗೇ ಅಚ್ಚಾಗಿತ್ತು. ನೂಲೇ ಇಲ್ಲದ ಬಟ್ಟೆಯ ಮೇಲೆ ನೂಲಿನ ಗುರುತು. ನನಗೆ ಅದು ತುಂಬ ಇಷ್ಟವಾಗಿ ಆ ಮುಖವನ್ನೇ ಹೊರಗೆ ಬರುವಂತೆ ಕತ್ತರಿಸಿದೆ.

ಮೇ 20ರಿಂದ 26: ಹೊಲಿಗೆ

ಎದೆ 34, ಉದ್ದ 20. ಒಂದು ಹಾಳೆಯಲ್ಲಿ ಬೆನ್ನು, ಇನ್ನೊಂದರಲ್ಲಿ ಎರಡು ಮುಂಭಾಗ. ಉದ್ದ ಅಡ್ಡ ಎಂಬ ಎಳೆಯ ದಿಕ್ಕು ಇದಕ್ಕಿಲ್ಲ, ಹಾಗಾಗಿ ಪೇಪರ್ ಕಟಿಂಗನ್ನು ಹೇಗೆ ಬೇಕಾದರೂ ತಿರುಗಿಸಿ ಇಡಬಹುದು. ಕತ್ತರಿಸಿದ ಅಂಚಿನಲ್ಲಿ ದಾರ ಬಿಡುವುದಿಲ್ಲ, ಓವರ್‌ಲಾಕ್ ಬೇಡ. ಗುಂಡುಪಿನ್ ಚುಚ್ಚಿದರೆ ತೂತು ಮುಚ್ಚುವುದಿಲ್ಲ, ಅದಕ್ಕೆ ಕ್ಲಿಪ್ ಹಾಕಿದೆ.

ಬ್ಲೌಸಿನ ಅಭ್ಯಾಸದಲ್ಲಿ ಇಂಚಿಗೆ ಹನ್ನೆರಡು ಹೊಲಿಗೆ ಹಾಕಿ ಬದಿ ಕೂಡಿಸಿದೆ. ಸ್ವಲ್ಪ ಎಳೆದು ನೋಡಿದಾಗ ಅಂಚೆಚೀಟಿ ಹರಿಯುವ ಹಾಗೆ ಹೊಲಿಗೆಯ ಉದ್ದಕ್ಕೂ ಬಿಟ್ಟಿತು. ಬದಿಯಲ್ಲಿ ಮಾರ್ಜಿನ್ ಹೆಚ್ಚು ಇಟ್ಟದ್ದರಿಂದ ಬಟ್ಟೆ ಉಳಿಯಿತು. ಎರಡನೇ ಸಲ ಇಂಚಿಗೆ ಆರು ಹೊಲಿಗೆ, ಒಳಗೆ ಅರ್ಧ ಇಂಚಿನ ಹತ್ತಿ ಪಟ್ಟಿ ಕೊಟ್ಟು ಹೊಲಿದೆ. ಲೆದರ್ ಸೂಜಿ ಹಾಕಿದ್ದೆ. ಅದು ಕತ್ತರಿಸಿಕೊಂಡು ಹೋಗುವುದರಿಂದ ತೂತು ದೊಡ್ಡದಾಯಿತು. ಸಾಮಾನ್ಯ 16 ನಂಬರೇ ಒಳ್ಳೆಯದು. ಮೆಷಿನ್ನಿನ ಪಾದದ ಕೆಳಗೆ ಅಂಟದಂತೆ ಪೌಡರ್ ಹಚ್ಚಿದೆ. ಪವರ್ ಮೆಷಿನ್ ಬಿಟ್ಟು ಕಾಲಲ್ಲಿ ತುಳಿಯುವ ಹಳೆಯ ಮೆಷಿನ್ನಿನಲ್ಲೇ ಹೊಲಿದೆ, ಒಂದೊಂದೇ ಹೊಲಿಗೆ ನಿಲ್ಲಿಸಿ ಹಾಕಬಹುದು.

ಹೊಲಿಗೆಯಿಲ್ಲದೆ ಕೂಡಿಸುವ ದಾರಿಯೂ ಇದೆ. ಹಸಿ ಇರುವಾಗ ಒಂದರ ಮೇಲೊಂದು ಇಟ್ಟು ಒಣಗಿಸಿದರೆ ಎರಡೂ ಒಂದೇ ಆಗುತ್ತವೆ. ಎದೆಯ ಜೇಬನ್ನು ಹಾಗೆ ಒಣಗಿಸುವಾಗಲೇ ಕೂಡಿಸಿದ್ದೆ, ಇವತ್ತಿಗೂ ಬಿಟ್ಟಿಲ್ಲ. ಆದರೆ ಪೂರ್ತಿ ಒಣಗಿದ ಅಂಚನ್ನು ಮತ್ತೆ ನೆನೆಸಿ ಭುಜ ಕೂಡಿಸಲು ಹೋದರೆ ಹಿಡಿಯಲಿಲ್ಲ, ಒಣಗಿದ ಮೇಲೆ ಸಿಪ್ಪೆಯ ಹಾಗೆ ಎದ್ದುಬಂತು. ಕೂಡಿಸಬೇಕಾದದ್ದನ್ನು ಮೊದಲೇ ಯೋಚಿಸಿ ಹಸಿಯಲ್ಲೇ ಕೂಡಿಸಬೇಕು. ಕಾಜ ಹೊಡೆದ ಕಡೆ ಹರಿಯತೊಡಗಿದ್ದರಿಂದ ಬಟ್ಟೆಯ ಲೂಪ್ ಮಾಡಿ ಗುಂಡಿ ಹಾಕಿದೆ.

ಮೇ 28: ಮೇಣ

100 ಗ್ರಾಂ ಜೇನುಮೇಣ, 150 ಎಂ.ಎಲ್. ಕೊಬ್ಬರಿ ಎಣ್ಣೆ, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ, ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಮೇಲೆ ಹತ್ತಿ ಬಟ್ಟೆ ಇಟ್ಟು ಕಡಿಮೆ ಬಿಸಿಯ ಇಸ್ತ್ರಿ ಆಡಿಸಿದೆ. ಮೇಣವಿಲ್ಲದ ತುಂಡಿನ ಮೇಲೆ ಒಂದು ಹನಿ ನೀರು 20 ಸೆಕೆಂಡಿನಲ್ಲಿ ಇಂಗಿತು. ಮೇಣ ಹಚ್ಚಿದ್ದರ ಮೇಲೆ 11 ನಿಮಿಷ ನಿಂತಿತು. ಅಷ್ಟು ಸಾಕು ಎಂದುಕೊಂಡೆ.

ಜೂನ್ 2ಕ್ಕೆ ಮಗಳು ಹಾಕಿಕೊಂಡು ಒಂದು ದಿನವೆಲ್ಲ ಓಡಾಡಿದಳು. ಜೂನ್ 9ಕ್ಕೆ ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ತುಂತುರು. ಸಮತಟ್ಟಾದ ಕಡೆ ಮೇಣ ತಡೆಯಿತು. ಭುಜದ ಹೊಲಿಗೆಯ ತೂತುಗಳಲ್ಲಿ ನೀರು ಇಳಿದು, ಅಲ್ಲಿ ಹಾಳೆ ಮತ್ತೆ ಊದಿ ಮೆತ್ತಗಾಗಿ ಒಂದೂವರೆ ಇಂಚು ಜೋತಿತು. ಹೊಲಿದ ಮೇಲೆ ತೂತಿಗೂ ಮೇಣ ತುಂಬಬೇಕಿತ್ತು, ನಾನು ಬರೀ ಮೇಲ್ಮೈಗೆ ಹಚ್ಚಿದ್ದೆ. ಈ ಬಟ್ಟೆ ಹುಟ್ಟಿದ್ದೇ ನೀರಿನಲ್ಲಿ, ಸಂದು ಸಿಕ್ಕರೆ ಮತ್ತೆ ನೀರನ್ನು ಕುಡಿಯುತ್ತದೆ. ಸುಝಾನ್ ಲೀ ಕೂಡ ಆ ಭಾಷಣದಲ್ಲಿ ಮಳೆಯಲ್ಲಿ ತಮ್ಮ ಉಡುಪಿಗೆ ಆಗುವ ಗತಿಯನ್ನು ಮುಚ್ಚಿಡದೆ ಹೇಳಿದ್ದರು. ನನಗೆ ಅದು ನೆನಪಾದದ್ದು ಭುಜ ಜೋತ ಮೇಲೆ.

ಖರ್ಚು

ಚೌಕಟ್ಟು ಎರಡಕ್ಕೆ 1,300 ರೂಪಾಯಿ. ಪಾಲಿಥೀನ್ 180. ಸಕ್ಕರೆ 230. ವಿನೆಗರ್ 200. ಪಿಹೆಚ್ ಪಟ್ಟಿ 150. ಗ್ಲಿಸರಿನ್ ಒಂದು ಲೀಟರ್ 380. ವಾಷಿಂಗ್ ಸೋಡಾ 40. ಜೇನುಮೇಣ 120. ಸೂಜಿ 60. ನೀರು ತರಲು ಆಟೋ 200. ಒಟ್ಟು 2,860. ಚೌಕಟ್ಟು ಮುಂದಕ್ಕೂ ಬರುತ್ತದೆ. ನನ್ನ ಕೂಲಿ ಇದರಲ್ಲಿ ಸೇರಿಲ್ಲ, ತೊಳೆಯಲು ಖರ್ಚಾದ ನೀರೂ ಸೇರಿಲ್ಲ. ಒಂದು ಹಾಳೆಗೆ ಸುಮಾರು ಇನ್ನೂರು ಲೀಟರ್ ನೀರು ಹೋಗಿದೆ. ಬೋರ್‌ವೆಲ್ ಊರಿನಲ್ಲಿ ಅದು ಸಣ್ಣ ಲೆಕ್ಕವಲ್ಲ. ಜಾಲಿಸಿದ ನೀರನ್ನು ಮುಂದಿನ ಹಾಳೆಯ ಮೊದಲ ತೊಳೆತಕ್ಕೆ ಎತ್ತಿಡುವುದನ್ನು ಈಗ ಶುರು ಮಾಡಿದ್ದೇನೆ.

ಜುಲೈ 6

ಜೂನ್ 30ಕ್ಕೆ ಒಂದೇ ಚೌಕಟ್ಟಿನಲ್ಲಿ ಹೊಸದಾಗಿ ಹೆಪ್ಪು ಹಾಕಿದ್ದೇನೆ. ಇದು ಹೊಸ ಬೆನ್ನಿನ ಭಾಗಕ್ಕೆ. ಗ್ಲಿಸರಿನ್ 50 ಮಾತ್ರ. ಮುಂಭಾಗದಲ್ಲಿ ಭುಜದ ಕಡೆ ಒಂದೂವರೆ ಇಂಚು ಕತ್ತರಿಸಿ ತೆಗೆದು, ಅಲ್ಲಿಗೆ ಕೈಮಗ್ಗದ ಹತ್ತಿ ಬಟ್ಟೆಯ ಪಟ್ಟಿ ಕೂಡಿಸುವುದು, ಮಳೆ ಬೀಳುವ ಕಡೆ ಈ ಹಾಳೆಯೇ ಬೇಡ ಎಂದು ಯೋಚನೆ. ಬೂಸ್ಟು ಇಲ್ಲ, ಕೋಣೆಯಲ್ಲಿ 25 ಡಿಗ್ರಿ. ಇವತ್ತು ಆರನೇ ದಿನ. ಪಂಚೆಯ ಒಂದು ಮೂಲೆ ಎತ್ತಿ ಟಾರ್ಚ್ ಹಾಕಿ ನೋಡಿದೆ. ತೆಳ್ಳಗೆ, ಮಂಜು ಕವಿದ ಗಾಜಿನ ಹಾಗೆ ಕೂಡಿಕೊಂಡಿದೆ. ಮುಟ್ಟದೆ ಮುಚ್ಚಿ ಬಂದೆ.